ಎರಡು ಮಣಿಸರಗಳು

ವಿಜಯನಗರವೆಂದೊಡನೆ ಹಂಪೆಯ ನೆನಪಾಗುವುದು ಸಹಜ. ಮೈಸೂರಿನವರಿಗೆ ಮಾತ್ರ ಅದು ಊರಿನ ವಾಯವ್ಯಕ್ಕೆ ಹಂತ ಹಂತವಾಗಿ ಹಬ್ಬಿದ ಬಡಾವಣೆಯ ಹೆಸರು. ಯೋಗಾನರಸಿಂಹಸ್ವಾಮಿಯ ಗುಡಿಗೆ ಜನ ಸಾಗುವ ಈ ಬೀದಿಗಳಲ್ಲಿಯೇ ಭಾನುವಾರ ಬೆಳಗ್ಗೆ ಮಕ್ಕಳ ಕೈಹಿಡಿದು ಪೂಜೆಗೆ ಹೊರಡುವ ಕಥೋಲಿಕ ಗೃಹಿಣಿಯರೂ ಉಂಟು. ಅವರ ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಮುಂದೊಂದು ಕೆಂಪು ದೀಪ, ಪಕ್ಕದ ಮೊಳೆಯಲ್ಲಿ ಜಪಸರ. ಅಡಿಗೆಮನೆಗೆ ಬಂದರೆ ನೆರೆಯವರದೇ ಸಾರು, ನೆರೆಯವರದೇ ಒಗ್ಗರಣೆ.

ಇಂಥ ಮನೆಯ ಎಳೆಯ ಗೃಹಿಣಿಗೆ ಎರಡು ಮಕ್ಕಳಾಗಿ, ಚಿಕ್ಕದು ಇನ್ನೂ ಮೊಲೆ ಬಿಟ್ಟಿರುವುದಿಲ್ಲ. ಮೈಯಲ್ಲಿ ರಕ್ತ ಕಡಿಮೆಯೆಂದು ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮತ್ತೊಂದು ಬಸಿರಿಗೆ ಅವಸರ ಬೇಡವೆಂದು ಎಚ್ಚರಿಸಿರುತ್ತಾರೆ. ಹೆರಿಗೆಯಾದ ಮೇಲೆ ಕಡಮೆಯೆಂದರೆ 24 ತಿಂಗಳು ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು. ಅತ್ತೆಯವರದು ಬೇರೆ ಮಾತು: “ದೇವರು ಕೊಟ್ಟದ್ದನ್ನು ಬೇಡವೆನ್ನಬಾರದಮ್ಮ.” ಸೊಸೆ ಎದುರಾಡುವುದಿಲ್ಲ. ಆದರೆ ಪಾತ್ರೆ ತೊಳೆಯುವಾಗ, ಮಗುವನ್ನು ತಟ್ಟಿ ಮಲಗಿಸುವಾಗ, ಮನಸ್ಸು ಅದನ್ನೇ ಸುತ್ತುತ್ತದೆ: ವೈದ್ಯರ ಮಾತೂ ದೇವರದೇ ಆಗಿರಬಾರದೇಕೆ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1930ರ ಜೂನ್ ತಿಂಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸಂಸ್ಥಾನದ ಸರಕಾರವು ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಸರಕಾರವೇ ಮುಂದಾಗಿ ತೆರೆದ ಇಂಥ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿಗೇ ಮೊದಲನೆಯವೆಂದು ಹೆಸರಾದುವು. ಅದೇ ವರ್ಷದ ಡಿಸೆಂಬರ್ 31ರಂದು ಹನ್ನೊಂದನೆಯ ಪಯಸ್ ಪೋಪರು ವಿವಾಹವನ್ನು ಕುರಿತ ತಮ್ಮ ಪ್ರಸಿದ್ಧ ವಿಶ್ವಪತ್ರದಲ್ಲಿ ಕೃತಕ ಸಂತಾನ ನಿಯಂತ್ರಣವನ್ನು ಪಾಪವೆಂದು ಸಾರಿದರು. ವಿಶೇಷವೆಂದರೆ, ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರವಿಟ್ಟವರೂ ಆ ಚಿಕಿತ್ಸಾಲಯಗಳ ಕಾಲದ ಅರಸರೇ! 175 ಅಡಿ ಎತ್ತರದ ಆ ಅವಳಿ ಗೋಪುರಗಳನ್ನು ನೋಡುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದ್ದೀತು?

ಚರ್ಚು ಒಂದು ಬಾಗಿಲನ್ನು ಮುಚ್ಚಿದರೂ ಮಗ್ಗುಲ ಕಿಟಕಿಯನ್ನು ತೆರೆದಿಟ್ಟಿತು. 1951ರ ಅಕ್ಟೋಬರ್‌ನಲ್ಲಿ ಹನ್ನೆರಡನೆಯ ಪಯಸ್ ಪೋಪರು ಇಟಲಿಯ ಸೂಲಗಿತ್ತಿಯರನ್ನು ಉದ್ದೇಶಿಸಿ ಮಾತನಾಡುತ್ತ, ತಕ್ಕ ಕಾರಣವಿದ್ದರೆ ದಂಪತಿಗಳು ಗರ್ಭ ನಿಲ್ಲದ ದಿನಗಳನ್ನು ಆರಿಸಿಕೊಳ್ಳಬಹುದೆಂದರು. ಹೆಂಗಸಿನ ಆರೋಗ್ಯವೂ ಆ ತಕ್ಕ ಕಾರಣಗಳಲ್ಲಿ ಒಂದು. 1968ರಲ್ಲಿ ಆರನೆಯ ಪೌಲ್ ಪೋಪರು ಈ ನಿಲುವನ್ನೇ ಮತ್ತೆ ಖಚಿತಪಡಿಸಿದರು. ಅತ್ತೆ ಸೊಸೆಯರ ಮಾತಿನಲ್ಲಿ ಈ ಅಂಶ ಬರುವುದೇ ಇಲ್ಲವೆಂಬುದು ಸೋಜಿಗ.

ದಿನಗಳನ್ನು ಎಣಿಸುವ ಈ ಕ್ರಮಕ್ಕೆ ಕನ್ನಡ ನೆಲದಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆಯಿತು. ಕೇಂದ್ರದ ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತ ಕೌರ್ ಅವರು ಗಾಂಧೀಜಿಯವರ ಅನುಯಾಯಿ. ಕೃತಕ ಸಾಧನಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಅವರ ಸರಕಾರದ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. 1952ರಲ್ಲಿ ದಿಲ್ಲಿಯ ಲೋಧಿ ಕಾಲೊನಿಯಲ್ಲಿಯೂ ಅಂದಿನ ಮೈಸೂರು ರಾಜ್ಯದ ರಾಮನಗರದಲ್ಲಿಯೂ ಕೆಲಸ ಮೊದಲಾಯಿತು. ಅಕ್ಷರ ಬಾರದ ಹೆಂಗಸರು ಲೆಕ್ಕವಿಡುವುದು ಹೇಗೆ? ಅದಕ್ಕೆ ಸ್ಟೋನ್ ಅವರು ಮಣಿಸರವನ್ನು ಹೂಡಿದರು. ಹಸಿರು ಮಣಿ ನಿರ್ಭಯದ ದಿನಕ್ಕೆ, ಕೆಂಪು ಮಣಿ ಎಚ್ಚರದ ದಿನಕ್ಕೆ; ದಿನಕ್ಕೊಂದರಂತೆ ಸರಿಸುತ್ತ ಹೋದರಾಯಿತು. ಆದರೆ ಕತ್ತಲಲ್ಲಿ ಬಣ್ಣ ತಿಳಿಯುವುದೆಂತು? ಸರವನ್ನು ಕೊರಳಲ್ಲಿ ಹಾಕಿಕೊಂಡರೆ ಊರಿಗೆಲ್ಲ ಡಂಗುರ ಸಾರಿದಂತಾಗದೆ? ಮಣಿ ದೂಡಿದರೆ ಸಾಕು, ಗರ್ಭ ನಿಲ್ಲದೆಂದು ಕೆಲವರು ನಂಬಿದರೆಂಬ ಕತೆಗಳೂ ಹುಟ್ಟಿದುವು. ಪ್ರಯೋಗ ಬೇರೂರಲಿಲ್ಲ. ಹೆಂಗಸರ ಅಜ್ಞಾನವೆಂದು ನಕ್ಕು ಸುಮ್ಮನಾಗುವುದು ಸುಲಭ. ಆದರೆ ಹೆರಿಗೆ, ಮೊಲೆಯೂಡಿಕೆ, ಅರೆಹೊಟ್ಟೆಗಳ ನಡುವೆ ಅವರ ಮುಟ್ಟು 28 ದಿನದ ಲೆಕ್ಕಕ್ಕೆ ಸಿಕ್ಕಬೇಕಲ್ಲ!

ಅರ್ಧ ಶತಮಾನದ ಬಳಿಕ ಮಣಿಸರ ಮರಳಿ ಬಂದಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ, ಅದೂ ಯೇಸು ಸಭೆಯ ಪಾದ್ರಿಗಳು ಕಟ್ಟಿದ ವಿದ್ಯಾಸಂಸ್ಥೆ, 32 ಮಣಿಗಳ ಸರವನ್ನು ರೂಪಿಸಿತು. ಮುಟ್ಟಿನ ಮೊದಲ ದಿನಕ್ಕೆ ಕೆಂಪು ಮಣಿ, 8ನೆಯ ದಿನದಿಂದ 19ನೆಯ ದಿನದವರೆಗೆ ಬಿಳಿಯ ಮಣಿ, ಅವು ಎಚ್ಚರದ ದಿನಗಳು, ಮಿಕ್ಕವು ಕಂದು. ನಿಯಮ ತಪ್ಪದೆ ಪಾಲಿಸಿದ 100 ಮಂದಿಯಲ್ಲಿ ವರ್ಷಕ್ಕೆ 5 ಮಂದಿ ಬಸಿರಾಗುತ್ತಾರೆಂದೂ ಸಾಮಾನ್ಯ ಬಳಕೆಯಲ್ಲಿ ಸುಮಾರು 12 ಮಂದಿಯೆಂದೂ ಪರೀಕ್ಷೆಗಳು ತೋರಿಸಿವೆ. ಮುಟ್ಟು 26ರಿಂದ 32 ದಿನಗಳೊಳಗೆ ಕ್ರಮವಾಗಿ ಬರುವವರಿಗೆ ಮಾತ್ರ ಇದು ಹೊಂದುತ್ತದೆ. ಮೊಲೆಯೂಡಿಸುತ್ತಿರುವ ನಮ್ಮ ಗೃಹಿಣಿಗೆ, ಮುಟ್ಟು ಮರಳಿ ಬಂದು ಹದಕ್ಕೆ ನಿಲ್ಲುವವರೆಗೆ, ಇದನ್ನು ನಂಬುವಂತಿಲ್ಲ. ಅವಳಿಗೆ ಕಾವಲು ಬೇಕಾದದ್ದು ಅದೇ ಕಾಲದಲ್ಲಿ.

ಜಪಸರದಲ್ಲಿ 53 ಚಿಕ್ಕ ಮಣಿಗಳು. ಒಂದೊಂದಕ್ಕೂ ಒಂದೊಂದು ನಮೋ ಮರಿಯಾ. ಸಂಜೆ ಅದನ್ನು ಎಣಿಸುವ ಬೆರಳುಗಳಿಗೆ ಇನ್ನೊಂದು ಎಣಿಕೆ ಭಾರವಲ್ಲ. ತಪಸ್ಸುಕಾಲದ ಉಪವಾಸದಿಂದ ಬಸುರಿ ಬಾಣಂತಿಯರಿಗೆ ವಿನಾಯಿತಿ ಕೊಡುವ ರೂಢಿ ಇದ್ದರೂ, ಒಂದು ಹೊತ್ತು ಬಿಟ್ಟೇ ತೀರುವ ಹಟ ಆಕೆಗೆ. ಕಬ್ಬಿಣದ ಮಾತ್ರೆ ಮಾತ್ರ ಎಷ್ಟೋ ದಿನ ಮರೆತುಹೋಗುತ್ತದೆ. ಮಗುವಿನ ಚುಚ್ಚುಮದ್ದಿನ ದಿನ ಮರೆಯುವುದಿಲ್ಲ. 1803-04ರಲ್ಲಿ ಅಬೆ ದುಬಾಯಿಸ್ ಎಂಬ ಫ್ರೆಂಚ್ ಪಾದ್ರಿಗಳು ಇದೇ ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಧರ್ಮಗುರುವಿಗೂ ಸೂಜಿಗೂ ಜಗಳವಿರಲೇಬೇಕೆಂದು ಯಾರು ಹೇಳಿದರು?

ಮಣಿಯ ಲೆಕ್ಕ ಒಬ್ಬಳಿಂದ ನಡೆಯುವ ಕೆಲಸವಲ್ಲ. ತಿಂಗಳಲ್ಲಿ ಹನ್ನೆರಡು ದಿನ ಗಂಡನೂ ತಡೆದಿರಬೇಕು. ಗುರುಗಳ ಬುದ್ಧಿವಾದವೂ ಆಸ್ಪತ್ರೆಯ ದಾದಿಯರ ತಿಳಿವಳಿಕೆಯೂ ಹೆಂಗಸಿನ ಕಿವಿಗೇ ಹೆಚ್ಚು ಬೀಳುತ್ತವೆ. ಹೆಬ್ಬಾಳದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವ ಗಂಡನಿಗೆ ಇದನ್ನೆಲ್ಲ ತಿಳಿಸುವ ಭಾರವೂ ಅವಳದೇ. ಮುಂದಿನ ಸಲ ವೈದ್ಯರಲ್ಲಿಗೆ ಅವನನ್ನೂ ಕರೆದೊಯ್ಯಬೇಕೆಂದು ಆಕೆ ನಿಶ್ಚಯಿಸಿದ್ದಾಳೆ. ಅವನು ರಜೆ ಹಾಕಲು ಒಪ್ಪಬೇಕಷ್ಟೆ.