ಚಕ್ಕಡಿ ಗಾಲಿಯಂಥ ಎಂಜಿನ್ನು, ಐದರಲ್ಲೊಂದು ಪಾಲಿನ ವಿಮಾನ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನೀವು ಪಟ್ಟದಕಲ್ಲಿಗೆ ಒಮ್ಮೆಯಾದರೂ ಹೋಗಿರುತ್ತೀರಿ. ಅಲ್ಲಿಯ ವಿರೂಪಾಕ್ಷ ದೇವಾಲಯದ ಶಿಖರವನ್ನು ತಲೆಯೆತ್ತಿ ನೋಡಿದರೆ ಅಂತಸ್ತು ಅಂತಸ್ತಿಗೂ ಪುಟ್ಟ ಪುಟ್ಟ ಗುಡಿಗಳ ಆಕೃತಿಗಳು ಸಾಲಾಗಿ ಕಾಣುತ್ತವೆ. ದೊಡ್ಡ ಗುಡಿಯ ಮೈಮೇಲೆ ಚಿಕ್ಕ ಗುಡಿಗಳ ಮಾದರಿ! ಚಾಲುಕ್ಯರ ಶಿಲ್ಪಿಗಳಿಗೆ ದೊಡ್ಡದನ್ನು ಚಿಕ್ಕದಾಗಿಸುವ ಕಲೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಪುಟ್ಟ ಗುಡಿಯೊಳಗೆ ಯಾರೂ ಕಾಲಿಡುವುದಿಲ್ಲ. ಅದು ನೋಡಲು ಗುಡಿಯಂತೆ ಇದ್ದರೆ ಸಾಕು.

ವಿಮಾನದ ಮಾದರಿಗೆ ಅಷ್ಟು ಸಾಲದು. ಅದು ವಿಮಾನದಂತೆ ಕಾಣಬೇಕು, ಅದರ ಜೊತೆಗೆ ಹಾರಲೂ ಬೇಕು. ಅದರ ಎಂಜಿನ್ನು ಉರಿಯಬೇಕು, ರೆಕ್ಕೆ ಭಾರ ಹೊರಬೇಕು, ನೆಲಕ್ಕೆ ಇಳಿದಾಗ ಕಾಲು ಮುರಿಯಬಾರದು. ಎರಡನೆಯ ಮಹಾಯುದ್ಧದ ಕಾಲದ ಯುದ್ಧವಿಮಾನಗಳನ್ನು ನಾಲ್ಕರಲ್ಲೊಂದು, ಐದರಲ್ಲೊಂದು ಪ್ರಮಾಣದಲ್ಲಿ ಕಟ್ಟಿ, ರೇಡಿಯೊ ಸಂಕೇತಗಳಿಂದ ಹಾರಿಸುವ ಹವ್ಯಾಸ ಜಗತ್ತಿನ ಅನೇಕ ದೇಶಗಳಲ್ಲಿದೆ. ಇವನ್ನು ದೈತ್ಯ ಮಾದರಿಗಳು ಎನ್ನುತ್ತಾರೆ. ಅಮೆರಿಕದ ಇಂಟರ್‌ನ್ಯಾಷನಲ್ ಮಿನಿಯೇಚರ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘ ಇದಕ್ಕೊಂದು ಗೆರೆ ಹಾಕಿದೆ. ಒಂದು ಜೊತೆ ರೆಕ್ಕೆಯ ವಿಮಾನವಾದರೆ ರೆಕ್ಕೆಯ ತುದಿಯಿಂದ ತುದಿಗೆ ಕನಿಷ್ಠ 80 ಅಂಗುಲ, ಎಂದರೆ ಸುಮಾರು 2 ಮೀಟರ್ ಇರಬೇಕು. ಎರಡು ಜೊತೆ ರೆಕ್ಕೆಯದಾದರೆ 60 ಅಂಗುಲ. ಇಲ್ಲವೆ ಮೂಲ ವಿಮಾನದ ನಾಲ್ಕರಲ್ಲೊಂದು ಪಾಲಾದರೂ ಇರಬೇಕು.

ಕಿರುತೆರೆಯ ಮೇಲೆ ಎಂಜಿನ್ನು ತಿರುಗುವುದನ್ನು ನೋಡುವುದು ಕ್ಷಣಮಾತ್ರದ ಸಂಗತಿ. ಇಲ್ಲಿ ನಾವು ಅದನ್ನು ನಿಲ್ಲಿಸಿ, ನಿಧಾನವಾಗಿ ಬಿಚ್ಚಿ ನೋಡೋಣ.

ಬೆಂಗಳೂರಿನ ಹಾಕ್

ಉದಾಹರಣೆಗೆ ದೂರದ ದೇಶದ ವಿಮಾನವೇ ಬೇಕೆಂದಿಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಇಂದು ನಾವು ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯ ಮೂಲ ಇದೇ. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೊ ಎಂಬ ತರಬೇತಿ ವಿಮಾನ ಹಾರಿತು. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹಾರಿತು. ಎರಡರ ಮೂತಿಯಲ್ಲಿಯೂ ಇದ್ದದ್ದು ರೇಡಿಯಲ್ ಎಂಜಿನ್ನು.

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಸ್ವಾರಸ್ಯದ್ದು. ಮಿತ್ರರಾಷ್ಟ್ರಗಳ ಸೇನೆಗಳು ಮರಳಿ ಹೋಗುವಾಗ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಗಳನ್ನು ಕಾನಪುರದಲ್ಲಿ ಗುಜರಿಯಾಗಿ ಬಿಟ್ಟು ಹೋಗಿದ್ದವು. ಮತ್ತೆ ಯಾರೂ ಬಳಸದಂತೆ ಅವನ್ನು ಕೆಡಿಸಲಾಗಿತ್ತು. ಎಚ್.ಎ.ಎಲ್.ನ ತಂತ್ರಜ್ಞರು ಅವುಗಳಲ್ಲಿ ಆಯ್ದವನ್ನು ಅಲ್ಲಿಯೇ ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿಯಾಗಿ ದುರಸ್ತಿ ಮಾಡಿದರು. 1948ರಲ್ಲಿ ನಮ್ಮ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಆರಂಭವಾಯಿತು. 1968ರವರೆಗೂ ಲಿಬರೇಟರುಗಳು ಸೇವೆಯಲ್ಲಿದ್ದವು. ಒಂದೊಂದು ವಿಮಾನಕ್ಕೆ ನಾಲ್ಕು ಎಂಜಿನ್ನು, ಒಂದೊಂದು ಎಂಜಿನ್ನಿಗೆ 14 ಸಿಲಿಂಡರು. ಒಟ್ಟು 56 ಸಿಲಿಂಡರುಗಳನ್ನು ಬಿಚ್ಚಿ, ತೊಳೆದು, ಅಳೆದು, ಮತ್ತೆ ಕೂಡಿಸಿದರೆ ಒಂದು ವಿಮಾನ. ಹೊಸ ದೇಶವೊಂದು ಎಂಜಿನಿಯರಿಂಗ್ ಕಲಿತದ್ದು ಹೀಗೆ.

ಗಾಲಿಯೂ ಎಂಜಿನ್ನೂ

ಈಗ ಎಂಜಿನ್ನಿಗೆ ಬರೋಣ. ಚಕ್ಕಡಿಯ ಗಾಲಿಯನ್ನು ನೆನೆಸಿಕೊಳ್ಳಿ. ನಡುವಿನ ದಪ್ಪ ಕಟ್ಟಿಗೆಯಿಂದ ಅರಗಳು ಸುತ್ತಲೂ ಹೊರಟಿರುತ್ತವೆ. ರೇಡಿಯಲ್ ಎಂಜಿನ್ನಿನಲ್ಲಿ ಸಿಲಿಂಡರುಗಳು ಇರುವುದು ಹಾಗೆಯೇ. ಗಣಿತದಲ್ಲಿ ನೀವು ತ್ರಿಜ್ಯ ಎಂದು ಕಲಿಯುವ ರೇಖೆಯ ಇಂಗ್ಲಿಷ್ ಹೆಸರು ರೇಡಿಯಸ್. ಅದರಿಂದಲೇ ಈ ಎಂಜಿನ್ನಿಗೆ ರೇಡಿಯಲ್ ಎಂಬ ಹೆಸರು. ಒಂದು ಮುಖ್ಯ ವ್ಯತ್ಯಾಸವುಂಟು. ಗಾಲಿಯಲ್ಲಿ ಅರಗಳೂ ತಿರುಗುತ್ತವೆ. ಇಲ್ಲಿ ಸಿಲಿಂಡರುಗಳು ನಿಂತೇ ಇರುತ್ತವೆ, ನಡುವಿನ ಕ್ರ್ಯಾಂಕ್ ದಂಡ ಮಾತ್ರ ತಿರುಗುತ್ತದೆ. (ಮೊದಲನೆಯ ಮಹಾಯುದ್ಧದ ಕೆಲವು ವಿಮಾನಗಳಲ್ಲಿ ಸಿಲಿಂಡರುಗಳ ಸಮೇತ ಇಡೀ ಎಂಜಿನ್ನೇ ತಿರುಗುತ್ತಿತ್ತು. ಅದು ರೋಟರಿ ಎಂಜಿನ್ನು. ಎರಡನ್ನೂ ಒಂದೇ ಎಂದು ತಿಳಿಯಬೇಡಿ.)

ಹಿಂದೆ ಮುಂದೆ ಸರಿಯುವ ಚಲನೆ ತಿರುಗುವ ಚಲನೆಯಾಗುವುದು ನಿಮಗೆ ಹೊಸದಲ್ಲ. ಮನೆಯ ಹೊಲಿಗೆ ಯಂತ್ರದಲ್ಲಿ ಕಾಲಿನಿಂದ ಒತ್ತುವ ಹಲಗೆ ಮೇಲೆ ಕೆಳಗೆ ಆಡಿದರೆ ದೊಡ್ಡ ಗಾಲಿ ತಿರುಗುತ್ತದೆ. ಇಳಕಲ್ಲಿನ ವಿದ್ಯುತ್ ಮಗ್ಗದಲ್ಲಿ ಇದೇ ಕ್ರಿಯೆ ತಿರುವುಮುರುವಾಗಿದೆ: ಅಲ್ಲಿ ತಿರುಗುವ ದಂಡವೇ ಹಣಿಗೆಯನ್ನು ಹಿಂದೆ ಮುಂದೆ ಆಡಿಸುತ್ತದೆ. ರೇಡಿಯಲ್ ಎಂಜಿನ್ನಿನಲ್ಲಿ ಒಂಬತ್ತು ಪಿಸ್ಟನ್ನುಗಳು ಒಂದೇ ಕ್ರ್ಯಾಂಕನ್ನು ತಳ್ಳಬೇಕು. ಒಂಬತ್ತು ದಂಡಗಳನ್ನು ಒಂದೇ ಜಾಗದಲ್ಲಿ ಕೂಡಿಸುವುದು ಹೇಗೆ? ಒಂದು ಪಿಸ್ಟನ್ನಿನ ದಂಡವನ್ನು ಮುಖ್ಯ ದಂಡವಾಗಿ ಮಾಡಿ ಅದನ್ನು ಕ್ರ್ಯಾಂಕಿಗೆ ತೊಡಿಸುತ್ತಾರೆ. ಉಳಿದ ಎಂಟು ದಂಡಗಳು ಆ ಮುಖ್ಯ ದಂಡದ ಬುಡದ ಸುತ್ತ ಕೀಲುಗಳಲ್ಲಿ ಸೇರಿಕೊಳ್ಳುತ್ತವೆ. ಹೀಗಾಗಿ ಕ್ರ್ಯಾಂಕ್ ದಂಡ ಬಹಳ ಗಿಡ್ಡ, ಎಂಜಿನ್ನು ಹಗುರ.

ಇನ್ನೊಂದು ಲಾಭ ತಂಪಿನದು. ಎಲ್ಲ ಸಿಲಿಂಡರುಗಳೂ ಗಾಳಿಗೆ ಎದುರಾಗಿ ನಿಂತಿರುವುದರಿಂದ ಮೈಮೇಲಿನ ತೆಳು ರೆಕ್ಕೆಗಳ ಮೂಲಕ ಕಾವು ಗಾಳಿಗೆ ಹೋಗುತ್ತದೆ. ನೀರೂ ಬೇಡ, ನೀರಿನ ಕೊಳವೆಗಳೂ ಬೇಡ. ನೀರಿನ ಎಂಜಿನ್ನಿನ ರೇಡಿಯೇಟರಿಗೆ ಒಂದು ಗುಂಡು ತಾಗಿದರೂ ನೀರು ಸೋರಿ ವಿಮಾನ ಇಳಿಯಲೇಬೇಕಾಗುತ್ತಿತ್ತು. ಆದರೆ ಅಗಲವಾದ ಮೂತಿ ಗಾಳಿಗೆ ಹೆಚ್ಚು ತಡೆಯೊಡ್ಡುತ್ತದೆ. ಎಂಜಿನ್ನಿನ ಸುತ್ತ ಸರಿಯಾದ ಆಕಾರದ ಕವಚ ಹಾಕಿದರೆ ಈ ತಡೆ ಬಹಳಷ್ಟು ಇಳಿಯುತ್ತದೆಂದು ಅಮೆರಿಕದ ನಾಕಾ ಸಂಸ್ಥೆಯ ಸಂಶೋಧಕರು 1928ರ ಸುಮಾರಿಗೆ ತೋರಿಸಿಕೊಟ್ಟರು.

ಬೆಸ ಸಂಖ್ಯೆಯೇ ಏಕೆ?

ಒಂದು ಸಾಲಿನ ರೇಡಿಯಲ್ ಎಂಜಿನ್ನುಗಳಲ್ಲಿ 5, 7, 9 ಹೀಗೆ ಬೆಸ ಸಂಖ್ಯೆಯ ಸಿಲಿಂಡರುಗಳೇ ಇರುತ್ತವೆ. 14 ಎಂದರೆ ಏಳರ ಎರಡು ಸಾಲು, 18 ಎಂದರೆ ಒಂಬತ್ತರ ಎರಡು ಸಾಲು. ಇದಕ್ಕೆ ಕಾರಣ ತಿಳಿಯಲು ಒಂದು ಆಟ ಆಡಿ ನೋಡಿ.

ಒಂಬತ್ತು ಜನ ವೃತ್ತಾಕಾರವಾಗಿ ನಿಂತು 1ರಿಂದ 9ರವರೆಗೆ ಸಂಖ್ಯೆ ಹಾಕಿಕೊಳ್ಳಿ. ಒಬ್ಬರನ್ನು ಬಿಟ್ಟು ಒಬ್ಬರು ಚಪ್ಪಾಳೆ ತಟ್ಟುತ್ತ ಹೋಗಿ. 1, 3, 5, 7, 9, ಆಮೇಲೆ 2, 4, 6, 8, ಮತ್ತೆ 1. ಎರಡು ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಸರದಿ ಬಂತು, ನಡುವಿನ ಅಂತರವೂ ಎಲ್ಲಿಯೂ ಬದಲಾಗಲಿಲ್ಲ. ಈಗ ಎಂಟೇ ಜನ ನಿಲ್ಲಿ. 1, 3, 5, 7, ಮತ್ತೆ 1! ಸಮಸಂಖ್ಯೆಯವರಿಗೆ ಸರದಿಯೇ ಇಲ್ಲ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿಯುತ್ತದೆ. ಎರಡು ಸುತ್ತು ಎಂದರೆ 720 ಡಿಗ್ರಿ. ಒಂಬತ್ತರಿಂದ ಭಾಗಿಸಿದರೆ 80 ಡಿಗ್ರಿ. ಪಕ್ಕಪಕ್ಕದ ಸಿಲಿಂಡರುಗಳ ನಡುವಿನ ಅಂತರ 40 ಡಿಗ್ರಿ. ಹೀಗಾಗಿ ಒಂದನ್ನು ಬಿಟ್ಟು ಒಂದು ಉರಿದರೆ 80 ಡಿಗ್ರಿಗೊಂದು ಹೊಡೆತ ಬಿದ್ದು ಎಂಜಿನ್ನು ಸಮವಾಗಿ ತಿರುಗುತ್ತದೆ. ನಿಮ್ಮ ಚಪ್ಪಾಳೆಯ ಲಯವೇ ಎಂಜಿನ್ನಿನ ಲಯ.

ಐದರಲ್ಲೊಂದು ಪಾಲಿನ ಲೆಕ್ಕ

ಬೆಂಗಳೂರಿನ ಹಾಕ್ ವಿಮಾನವನ್ನು ಐದರಲ್ಲೊಂದು ಪ್ರಮಾಣದಲ್ಲಿ ಕಟ್ಟಬೇಕೆಂದುಕೊಳ್ಳಿ. ಮೂಲ ವಿಮಾನದ ರೆಕ್ಕೆಯ ಹರವು 11.4 ಮೀಟರ್. ಐದರಿಂದ ಭಾಗಿಸಿದರೆ 2.28 ಮೀಟರ್. ಇದು ಸುಲಭ.

ರೆಕ್ಕೆಯ ವಿಸ್ತೀರ್ಣವನ್ನು ಐದರಿಂದ ಭಾಗಿಸಿದರೆ ತಪ್ಪಾಗುತ್ತದೆ. ಉದ್ದವೂ ಐದು ಪಟ್ಟು ಇಳಿಯಿತು, ಅಗಲವೂ ಐದು ಪಟ್ಟು ಇಳಿಯಿತು. ಆದ್ದರಿಂದ ವಿಸ್ತೀರ್ಣ 25 ಪಟ್ಟು ಇಳಿಯುತ್ತದೆ. 21.9 ಚದರ ಮೀಟರ್ ಇದ್ದದ್ದು 0.88 ಚದರ ಮೀಟರ್ ಆಗುತ್ತದೆ. ಭಾರ ಇನ್ನೂ ಬೇಗ ಇಳಿಯುತ್ತದೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 125 ಪಟ್ಟು. ಸುಮಾರು 2600 ಕಿಲೋ ತೂಗುವ ವಿಮಾನದ ಮಾದರಿ 20.8 ಕಿಲೋ ತೂಗಬೇಕು.

ಇದರಿಂದ ಒಂದು ಸೊಗಸಾದ ಸಂಗತಿ ಹೊರಡುತ್ತದೆ. ಮೂಲ ವಿಮಾನದ ರೆಕ್ಕೆಯ ಪ್ರತಿ ಚದರ ಮೀಟರಿನ ಮೇಲಿದ್ದ ಹೊರೆ ಸುಮಾರು 119 ಕಿಲೋ. ಮಾದರಿಯಲ್ಲಿ ಅದು 24 ಕಿಲೋ ಮಾತ್ರ. ಹೊರೆ ಐದು ಪಟ್ಟು ಕಡಿಮೆಯಾದರೆ ಹಾರಲು ಬೇಕಾದ ವೇಗ ಐದರ ವರ್ಗಮೂಲದಷ್ಟು, ಎಂದರೆ ಸುಮಾರು 2.24 ಪಟ್ಟು ಕಡಿಮೆಯಾಗುತ್ತದೆ. ಶಕ್ತಿಯ ಲೆಕ್ಕಕ್ಕೆ ಭಾರ ಮತ್ತು ವೇಗ ಎರಡನ್ನೂ ಹಿಡಿಯಬೇಕು. 125ನ್ನು 2.24ರಿಂದ ಗುಣಿಸಿದರೆ 280. ಹಾಕ್ ವಿಮಾನದ ರೈಟ್ ಸೈಕ್ಲೋನ್ ಎಂಜಿನ್ನಿನ ಶಕ್ತಿ 1200 ಅಶ್ವಶಕ್ತಿ. 280ರಿಂದ ಭಾಗಿಸಿದರೆ ಮಾದರಿಗೆ ನಾಲ್ಕೂಕಾಲು ಅಶ್ವಶಕ್ತಿ ಸಾಕು!

ಆ ಎಂಜಿನ್ನಿನ ಒಂಬತ್ತು ಸಿಲಿಂಡರುಗಳ ಒಟ್ಟು ಗಾತ್ರ 29.8 ಲೀಟರ್. 125ರಿಂದ ಭಾಗಿಸಿದರೆ 238 ಸಿ.ಸಿ. ಹಂಗೇರಿಯ ಮೋಕಿ ಹೆಸರಿನ ಐದು ಸಿಲಿಂಡರಿನ ಪೆಟ್ರೋಲ್ ಮಾದರಿ ಎಂಜಿನ್ನೊಂದರ ಗಾತ್ರ 250 ಸಿ.ಸಿ. ಎಷ್ಟು ಹತ್ತಿರ ಬಂತು ನೋಡಿ. ಜಪಾನಿನ ಸೈಟೊ, ಓ.ಎಸ್. ಕಂಪನಿಗಳೂ ಇದಕ್ಕಿಂತ ಚಿಕ್ಕ ರೇಡಿಯಲ್ ಎಂಜಿನ್ನುಗಳನ್ನು ಮಾಡಿವೆ. ಇವುಗಳಲ್ಲಿಯೂ ಮುಖ್ಯ ದಂಡ, ಕೀಲುಗಳು, ಒಂದು ಬಿಟ್ಟು ಒಂದು ಉರಿಯುವ ಕ್ರಮ ಎಲ್ಲವೂ ಮೂಲದಂತೆಯೇ.

ಗಾಳಿ ಚಿಕ್ಕದಾಗುವುದಿಲ್ಲ

ಹಾಗಾದರೆ ಅಂಗೈಯಗಲದ ವಿಮಾನವನ್ನೇ ಏಕೆ ಮಾಡಬಾರದು? ಅಷ್ಟು ಕಷ್ಟಪಟ್ಟು ದೈತ್ಯವನ್ನೇಕೆ ಕಟ್ಟಬೇಕು? ಕಾರಣವಿದೆ. ವಿಮಾನವನ್ನು ನಾವು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾರೆವು. ಗಾಳಿಗೂ ಒಂದು ಅಂಟುಗುಣವಿದೆ. ರೆಕ್ಕೆ ಕಿರಿದಾದಷ್ಟು, ವೇಗ ತಗ್ಗಿದಷ್ಟು ಆ ಅಂಟಿನ ಕಾಟ ಹೆಚ್ಚು. ವಿಜ್ಞಾನಿಗಳು ಇದನ್ನು ರೆನಾಲ್ಡ್ಸ್ ಸಂಖ್ಯೆಯಿಂದ ಅಳೆಯುತ್ತಾರೆ. ಐದರಲ್ಲೊಂದು ಮಾದರಿಯಲ್ಲಿ ಈ ಸಂಖ್ಯೆ ಸುಮಾರು 11 ಪಟ್ಟು ಇಳಿಯುತ್ತದೆ. ಇಪ್ಪತ್ತರಲ್ಲೊಂದು ಮಾದರಿಯಲ್ಲಿ ಸುಮಾರು 89 ಪಟ್ಟು. ದೈತ್ಯ ಮಾದರಿ ಆಕಾಶದಲ್ಲಿ ನಿಜವಾದ ವಿಮಾನದಂತೆ ಗಂಭೀರವಾಗಿ ತೇಲುವುದು, ಚಿಕ್ಕದು ನೊಣದಂತೆ ಚಡಪಡಿಸುವುದು ಭಾಗಶಃ ಇದರಿಂದ.

ಎಚ್ಚರಿಕೆಯ ಮಾತು

ಮಿತ್ರರೆ, ಇದು ಆಟಿಕೆಯಲ್ಲ. 20 ಕಿಲೋ ತೂಕದ ಮಾದರಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದರ ಚಲನಶಕ್ತಿ 9000 ಜೂಲ್. ಒಂದು ಕ್ವಿಂಟಲ್ ಜೋಳದ ಚೀಲ ಒಂಬತ್ತು ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದಷ್ಟು! ಅದಕ್ಕೇ ಜನ, ದನ, ರಸ್ತೆ, ವಿದ್ಯುತ್ ತಂತಿ ಇರುವ ಕಡೆ ಇದನ್ನು ಹಾರಿಸಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ ಕಲಿಕೆ, ಸಂಶೋಧನೆ, ಹವ್ಯಾಸಗಳಿಗಾಗಿ ಹಾರಿಸುವ ಮಾದರಿಯ ಒಟ್ಟು ತೂಕ 25 ಕಿಲೋ ಮೀರಬಾರದು, ಅದು ಸದಾ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಬೇಕು. ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯನ್ನು ಮೊದಲೇ ನೋಡಿಕೊಳ್ಳಬೇಕು. ಬಾದಾಮಿಯ ಗುಹಾಲಯಗಳು, ಐಹೊಳೆಯ ಗುಡಿಗಳು ಸಂರಕ್ಷಿತ ಸ್ಮಾರಕಗಳು. ಚಿತ್ರ ಚೆನ್ನಾಗಿ ಬರುತ್ತದೆಂದು ಅಲ್ಲಿ ಹಾರಿಸಲು ಹೋಗಬೇಡಿ.

ಎಂಜಿನ್ನಿಗೂ ತನ್ನದೇ ಒಂದು ಎಚ್ಚರಿಕೆ ಬೇಕು. ರೇಡಿಯಲ್ ಎಂಜಿನ್ನು ನಿಂತಿರುವಾಗ ಎಣ್ಣೆ ನಿಧಾನವಾಗಿ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಹಾಗೆಯೇ ಎಂಜಿನ್ನು ಹಚ್ಚಿದರೆ ಪಿಸ್ಟನ್ನಿನ ದಂಡವೇ ಬಾಗಿಹೋಗಬಹುದು. ಆದ್ದರಿಂದ ಕಿಡಿಯ ಸಂಪರ್ಕ ತಪ್ಪಿಸಿ ಮೊದಲು ಪಂಖವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಎಲ್ಲಿಯಾದರೂ ತಡೆದರೆ ಬಲ ಹಾಕುವುದಿಲ್ಲ. ಕೆಳಗಿನ ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆ ಹೊರಹಾಕುತ್ತಾರೆ. ಲಿಬರೇಟರಿಗೆ ಅನ್ವಯಿಸುತ್ತಿದ್ದ ಈ ನಿಯಮ ಮೇಜಿನ ಮೇಲಿನ ಮಾದರಿಗೂ ಅನ್ವಯಿಸುತ್ತದೆ.

ನೀವು ಎಲ್ಲಿಂದ ಆರಂಭಿಸಬೇಕು?

ದೈತ್ಯ ಮಾದರಿ ದುಬಾರಿ. ಆದರೆ ಅದರ ಹಿಂದಿನ ವಿಜ್ಞಾನ ಪುಕ್ಕಟೆ. ಥರ್ಮೊಕೋಲಿನಲ್ಲಿ ಒಂದೇ ಆಕಾರದ ಎರಡು ಗ್ಲೈಡರುಗಳನ್ನು ಮಾಡಿ, ಒಂದು ಇನ್ನೊಂದರ ಎರಡರಷ್ಟಿರಲಿ. ದಪ್ಪವನ್ನೂ ಎರಡರಷ್ಟು ಮಾಡುವುದನ್ನು ಮರೆಯಬೇಡಿ. ಎರಡನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿ. ತೂಕ ಎರಡರಷ್ಟೋ, ಎಂಟರಷ್ಟೋ? ನಿಮ್ಮ ಕೈಯಾರೆ ಕಂಡುಕೊಳ್ಳಿ. ನಿಮ್ಮ ಕಾಲೇಜಿನಲ್ಲಿ ಎನ್.ಸಿ.ಸಿ.ಯ ವಾಯುದಳವಿದ್ದರೆ ಸೇರಿ. ಮಾದರಿ ವಿಮಾನ ಕಟ್ಟುವುದು ಅಲ್ಲಿಯ ಪಾಠಗಳಲ್ಲೊಂದು. ಎಂಜಿನ್ನಿನ ಕಡೆ ಒಲವಿದ್ದರೆ, 1963ರಲ್ಲಿ ಆರಂಭವಾದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿಯೇ ಇದೆ. ಪ್ರವಾಸಕ್ಕೆ ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್.ನ ವಿಮಾನ ವಸ್ತುಸಂಗ್ರಹಾಲಯವನ್ನು ನೋಡಲು ಗುರುಗಳನ್ನು ಕೇಳಿ.

ಕಾನಪುರದ ಗುಜರಿಯ ಮುಂದೆ ನಿಂತ ತಂತ್ರಜ್ಞರ ಬಳಿ ಹೊಸ ಭಾಗಗಳು ಇರಲಿಲ್ಲ. ಇದ್ದದ್ದು ಅಳತೆಗೋಲು, ಉಪಕರಣ, ತಾಳ್ಮೆ ಮತ್ತು ಇದು ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ. ಇವುಗಳಲ್ಲಿ ಕೊನೆಯದನ್ನು ನೀವು ಇಂದೇ, ಒಂಬತ್ತು ಗೆಳೆಯರನ್ನು ಶಾಲೆಯ ಅಂಗಳದಲ್ಲಿ ವೃತ್ತವಾಗಿ ನಿಲ್ಲಿಸಿ ಆರಂಭಿಸಬಹುದು. ಒಂದು, ಮೂರು, ಐದು, ಏಳು, ಒಂಬತ್ತು... ತಟ್ಟಿ ಚಪ್ಪಾಳೆ!