ಹಿಮದ ಮೇಲೆ ಹಾಳೆಯಾಟ

ಅಡಿಕೆ ಹಾಳೆಯ ಮೇಲೆ ಕೂತು ಬ್ಯಾಣದ ಇಳಿಜಾರಿನಲ್ಲಿ ಜಾರದ ಮಲೆನಾಡಿನ ಹುಡುಗಿ ಯಾರಿದ್ದಾರೆ ಹೇಳಿ? ತೀರ್ಥಹಳ್ಳಿ ಹತ್ತಿರದ ನಮ್ಮ ತವರಿನಲ್ಲಿ ನಾನು, ನನ್ನ ತಂಗಿ ಇಬ್ಬರೂ ಲಂಗ ಹರಿದುಕೊಂಡು ಅಮ್ಮನ ಹತ್ತಿರ ಬೈಸಿಕೊಂಡವರೇ. ಅದೇ ತಂಗಿ ಅಮೆರಿಕದ ಮಿನಿಯಾಪೊಲಿಸ್ ಊರಲ್ಲಿ ಕೂತು, “ಅಕ್ಕಾ, ಮುಂದೆ ಕಾಲಿಟ್ರೆ ಹಿಂದಕ್ಕೇ ಜಾರ್ತೀನಿ, ನನ್ನ ಕೈಲಾಗಲ್ಲ” ಅಂತ ಕಣ್ಣೀರು ಹಾಕಿದ್ದನ್ನು ನೋಡಬೇಕಾಯಿತು.

ಅಮ್ಮ ಇಲ್ಲವಾದ್ದರಿಂದ ಅವಳ ಬಾಣಂತನ ನನ್ನ ಪಾಲಿಗೆ ಬಂದಿತ್ತು. ಸಾಗರದ ಮನೆಯನ್ನು ಅತ್ತೆಯವರಿಗೂ ಇವರಿಗೂ ಒಪ್ಪಿಸಿ ಸೆಪ್ಟೆಂಬರಿನಲ್ಲಿ ಹೊರಟೆ. ಅಕ್ಟೋಬರಿನಲ್ಲಿ ಮಗು, ನವೆಂಬರಿನಲ್ಲಿ ಹಿಮ! ನಮ್ಮ ಹೊಸನಗರದ ಕಡೆ ಮಳೆ ಎಷ್ಟೇ ಹೊಡೆದರೂ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕಾದರೂ ಹೋಗಿ ಬರುತ್ತೇವೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಕಾಲುದಾರಿಯೆಲ್ಲ ಗಾಜಿನಂಥ ಮಂಜುಗಡ್ಡೆ. ತಂಗಿ ಮಾತು ಬಿಟ್ಟಳು. ಮಗುವಿಗೆ ಹಾಲು ಕೊಡುತ್ತ ಸುಮ್ಮನೆ ಗೋಡೆ ನೋಡುವಳು. ಮೂರು ತಿಂಗಳು ಕಳೆದ ಮೇಲೆ ಡಾಕ್ಟರರು, “ದಿನಾ ಸ್ವಲ್ಪ ಹೊತ್ತು ಹೊರಗೆ ಹೋಗಿ, ಮೈ ಬಳಸಿ” ಎಂದರು. ಹೋಗುವುದಾದರೂ ಎಲ್ಲಿಗೆ?

ಕಾರಿನ ಶೆಡ್ಡಿನಲ್ಲಿ ಒಂದು ಜೊತೆ ಸ್ಕೀ ಇತ್ತು. ಹಿಂದಿನ ವರ್ಷ ಅವಳ ಗಂಡ ಸ್ನೇಹಿತನೊಬ್ಬನಿಂದ ಕೊಂಡದ್ದು. ಎರಡು ಸಲ ಬಿದ್ದು ಮೂಲೆಗಿಟ್ಟಿದ್ದಳು.

ಸ್ಕೀ ಅಂದರೆ ಸಿನಿಮಾದಲ್ಲಿ ಬೆಟ್ಟದಿಂದ ಧಾವಿಸುವುದೇ ನಮ್ಮ ಕಣ್ಣಿಗೆ ಬರುತ್ತದೆ. ಇದು ಅದಲ್ಲ. ಇದು ಬಯಲಿನಲ್ಲಿ, ಕಾಡಿನಲ್ಲಿ ನಡೆಯುವ ಸ್ಕೀ. ಬೂಟಿನ ತುದಿ ಮಾತ್ರ ಹಲಗೆಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಏಳುತ್ತದೆ. ಒಂದು ಕಾಲಲ್ಲಿ ನೆಲ ಒದ್ದು ಇನ್ನೊಂದರಲ್ಲಿ ಜಾರುವುದು. ನಮ್ಮ ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಕಂಚಿನ ಪದಕ ಗೆದ್ದದ್ದು ಈ ಜಾತಿಯ ಸ್ಪರ್ಧೆಯಲ್ಲೇ. ಕಾಫಿ ತೋಟದ ಸೀಮೆಯ ಹುಡುಗಿಗೆ ಸಾಧ್ಯವಾದದ್ದು ಅಡಿಕೆ ಸೀಮೆಯವಳಿಗೆ ಯಾಕಾಗಬಾರದು ಅಂತ ನಾನು ಹಟ ಹಿಡಿದೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಹಿರಿಯರು ನಾರ್ವೆಯಿಂದ ಬಂದವರಂತೆ. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅವರು ನಕ್ಕು, ಒಂದು ಕಾಗದದ ಹಾಳೆ ಹಿಡಿದುಕೊಂಡೇ ಬಂದರು!

ಸ್ಕೀ ನೋಡುವುದಕ್ಕೆ ಚಪ್ಪಟೆ ಹಲಗೆ. ಆದರೆ ನಡುವೆ ಬಿಲ್ಲಿನ ಹಾಗೆ ತುಸು ಮೇಲೆ ಬಾಗಿರುತ್ತದೆ. ಆ ಬಾಗಿನ ಅಡಿಯಲ್ಲೇ ಹಿಮ ಹಿಡಿಯುವ ಒರಟು ಭಾಗ ಇರುವುದು. ಎರಡೂ ಕಾಲಿನ ಮೇಲೆ ಸಮನಾಗಿ ನಿಂತಾಗ ಆ ಭಾಗ ಹಿಮಕ್ಕೆ ತಾಗಬಾರದು, ಆಗ ಜಾರುತ್ತದೆ. ಒಂದೇ ಕಾಲಿಗೆ ಪೂರ್ತಿ ಭಾರ ಬಿದ್ದಾಗ ತಾಗಬೇಕು, ಆಗ ಹಿಡಿಯುತ್ತದೆ. ಗಟ್ಟಿ ನೆಲದ ಮೇಲೆ ಸ್ಕೀ ಇಟ್ಟು, ಪಾದದ ಅಡಿಗೆ ಕಾಗದ ತೂರಿಸಿ ನೋಡಿ. ಎರಡು ಕಾಲಲ್ಲಿ ನಿಂತರೆ ಕಾಗದ ಸಲೀಸಾಗಿ ಓಡಾಡಬೇಕು, ಒಂಟಿ ಕಾಲಲ್ಲಿ ನಿಂತರೆ ಸಿಕ್ಕಿಕೊಳ್ಳಬೇಕು. ಎರಡು ಕಾಲಲ್ಲಿ ನಿಂತಾಗಲೇ ಸಿಕ್ಕಿಕೊಂಡರೆ ಆ ಸ್ಕೀ ನಿಮಗೆ ಮೆತ್ತಗಾಯಿತು, ಎಳೆದೆಳೆದು ಸುಸ್ತಾಗುತ್ತೀರಿ.

ತಂಗಿ ನಿಂತಳು. ಎರಡು ಕಾಲು, ಕಾಗದ ಬಂತು. ಒಂಟಿ ಕಾಲು, ಆಗಲೂ ಬಂತು! ಅವಳು 52 ಕಿಲೋ. ಆಮೇಲೆ ನಾನು ಸೀರೆ ಎತ್ತಿ ಕಟ್ಟಿ ಗೋಡೆ ಹಿಡಿದು ನಿಂತೆ. ಕಾಗದ ಅಲ್ಲಾಡಲಿಲ್ಲ. ನನ್ನ ತೂಕ ಎಷ್ಟೆಂದು ಬರೆಯುವುದು ಬೇಡ, ಬಿಡಿ. ದಪ್ಪ ಗಂಡಸಿನ ಭಾರಕ್ಕೆ ಮಾಡಿದ ಸ್ಕೀಯನ್ನು “ಎತ್ತರ ಸರಿಹೋಗುತ್ತೆ” ಅಂತ ಕೊಂಡಿದ್ದರು. ಎಷ್ಟು ಒದ್ದರೂ ಹಿಮ ಹಿಡಿಯದಿದ್ದರೆ ಹಿಂದಕ್ಕೆ ಜಾರದೆ ಇನ್ನೇನು? ಒಂದು ವರ್ಷ ಪೂರ್ತಿ ತಪ್ಪು ತನ್ನದೇ ಅಂದುಕೊಂಡಿದ್ದಳು, ಪಾಪ.

ಅಂಗಡಿಗೆ ಹೊರಟಾಗ ಅಜ್ಜಿಯೂ ಬಂದರು. ಮೊದಲು ಬೂಟು, ಆಮೇಲೆ ಸ್ಕೀ ಎಂಬುದು ಅವರ ಕಟ್ಟಪ್ಪಣೆ. ದಪ್ಪ ಕಾಲುಚೀಲ ಹಾಕಿ ನೋಡಬೇಕು, ಬೆರಳು ಆಡಬೇಕು, ಹಿಮ್ಮಡಿ ಮೇಲೇಳಬಾರದು. ಬೂಟಿನ ತುದಿಯ ಕಂಬಿ ಸ್ಕೀ ಮೇಲಿನ ಕೊಂಡಿಗೆ ಕೂಡಬೇಕು. ಎನ್.ಎನ್.ಎನ್. ಎಂಬ ಜಾತಿಯದು ಹಳೆಯ ಎಸ್.ಎನ್.ಎಸ್.ಗೆ ಕೂಡುವುದಿಲ್ಲ. ಎನ್.ಎನ್.ಎನ್. ಬಿ.ಸಿ. ಎಂಬುದು ಹೆಸರಿಗೆ ಅಣ್ಣತಮ್ಮ, ಕಂಬಿ ಬೇರೆ. ಹಳೆಯದನ್ನು ಕೊಳ್ಳುವವರು ಇಲ್ಲೇ ಮೋಸ ಹೋಗುವುದು.

ಆಮೇಲೆ, ನಡೆಯುವುದು ಎಲ್ಲಿ? ಕೊಡಚಾದ್ರಿಗೆ ಜೀಪಿನ ದಾರಿಯೂ ಉಂಟು, ಕಾಡಿನ ಕಾಲುದಾರಿಯೂ ಉಂಟು, ಅಲ್ಲವೇ? ಅಲ್ಲಿಯೂ ಹಾಗೇ. ಪಾರ್ಕುಗಳಲ್ಲಿ ಯಂತ್ರ ಓಡಿಸಿ ಹಿಮ ಹದಮಾಡಿ, ಗಾಡಿಜಾಡಿನ ಹಾಗೆ ಎರಡು ಅಚ್ಚು ಕೊರೆದಿರುತ್ತಾರೆ. ಸ್ಕೀಯ ಅಗಲ ಸುಮಾರು 7 ಸೆಂಟಿಮೀಟರು ಮೀರಿದರೆ ಆ ಅಚ್ಚಿನಲ್ಲಿ ಕೂರುವುದಿಲ್ಲ. ತೀರಾ ಸಪೂರವಾದರೆ ಅಚ್ಚು ಬಿಟ್ಟು ಮೆತ್ತನೆ ಹಿಮಕ್ಕಿಳಿದಾಗ ಹೂತುಹೋಗುತ್ತದೆ. ತಂಗಿಗೆ ಎರಡೂ ಆಸೆ. ಅದಕ್ಕೇ ಅಚ್ಚಿನಲ್ಲಿ ಕೂರುವಷ್ಟರಲ್ಲೇ ಆದಷ್ಟು ಅಗಲದ್ದು ಆರಿಸಿದೆವು. ಅಂಗಡಿಯ ಹುಡುಗ ಅಂಚಿಗೆ ಉಕ್ಕಿನ ಪಟ್ಟಿ ಇರುವುದನ್ನೇ ಹೊಗಳುತ್ತಿದ್ದ. ಕಡಿದಾದ ಗುಡ್ಡಕ್ಕೆ ಅದು ಬೇಕು, ಕೆರೆದಂಡೆಗೆ ಬರೀ ಹೊರೆ.

ಅಡಿಯ ಹಿಡಿತದಲ್ಲೂ ಎರಡು ಬಗೆ. ಒಂದಕ್ಕೆ ಮೀನಿನ ಹುರುಪೆಯಂಥ ಗೀರು. ಇನ್ನೊಂದಕ್ಕೆ ಮೇಕೆ ಕೂದಲಿನ ಪಟ್ಟಿ. ಕರುವಿನ ಮೈ ನೇವರಿಸಿದ ಹಾಗೆ, ಒಂದು ಕಡೆಗೆ ನುಣುಪು, ಎದುರಾಗಿ ಸವರಿದರೆ ಒರಟು. ಕೂದಲಿನದು ಸದ್ದಿಲ್ಲದೆ ಜಾರುತ್ತದೆ, ಆದರೆ ಸವೆಯುತ್ತದೆ. ನಾವು ಹುರುಪೆಯದನ್ನೇ ಕೊಂಡೆವು. ಹಸುಗೂಸಿನ ತಾಯಿಗೆ ಉಪಚಾರ ಬೇಡದ ಸಾಮಾನೇ ಲೇಸು. ಕೋಲು ಕಂಕುಳ ಮಟ್ಟಕ್ಕೆ ಬಂದರೆ ಸರಿ. ತೂಕ ಹೇಳುವಾಗ ಮಾತ್ರ ನಾಚಬೇಡಿ! ಮದುವೆಯ ವರ್ಷದ ತೂಕವಲ್ಲ, ಇವತ್ತಿನದು, ಬಟ್ಟೆ, ಬೆನ್ನಚೀಲ ಸೇರಿಸಿ.

ಫೆಬ್ರವರಿಯ ಒಂದು ಬೆಳಗ್ಗೆ ಅಜ್ಜಿಯ ಜೊತೆ ಥಿಯೋಡರ್ ವರ್ತ್ ಪಾರ್ಕಿಗೆ ಹೋದಳು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಡಿಯಾರ ನೋಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಬರುತ್ತೇನೆಂದವಳು ಒಂದೂಕಾಲು ಗಂಟೆಗೆ ಬಂದಳು. ಮೂಗು ಕೆಂಪು, ಬೆನ್ನ ಮೇಲೆಲ್ಲ ಹಿಮ. “ಮೂರು ಸಲ ಬಿದ್ದೆ ಕಣೇ, ಹಸಿವು! ಏನಾದ್ರೂ ಕೊಡು” ಅಂದಳು. ಆರು ದೋಸೆ ತಿಂದಳು. ಅಷ್ಟು ದಿನ ಒಂದು ತಿನ್ನಿಸಬೇಕಾದರೂ ನನಗೆ ಸಾಕುಸಾಕಾಗುತ್ತಿತ್ತು.

ಮಾರ್ಚಿನಲ್ಲಿ ನಾನು ಊರಿಗೆ ಹೊರಡುವ ಹೊತ್ತಿಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದಳು. ಆ ಹಳೆಯ ಜೊತೆ ಕೊಳ್ಳಲು ಒಬ್ಬರು ಬಂದಿದ್ದರು. ತಂಗಿ ಬೆಲೆ ಹೇಳುವುದಕ್ಕೂ ಮೊದಲು ಅವರ ಕೈಗೆ ಕಾಗದ ಕೊಟ್ಟಳು.