ಮನೆಯ ವೈರಿಂಗ್: ಫ್ಯೂಸ್ ಒಂದನ್ನೇ ನಂಬಬೇಡಿ

ಹಳ್ಳಿಯ ಮನೆಗಳಲ್ಲಿ ಫ್ಯೂಸ್ ಹೋಗುವುದು ಹೊಸ ಸಂಗತಿಯೇನಲ್ಲ. ಫ್ಯೂಸ್ ಹೋದೊಡನೆ ಮನೆಯ ಹುಡುಗರಲ್ಲಿ ಯಾರಾದರೊಬ್ಬರು ಸ್ಟೂಲು ಹತ್ತಿ, ಹಳೆಯ ವೈರಿನಿಂದ ಒಂದೆರಡು ಎಳೆ ತಾಮ್ರ ಬಿಡಿಸಿ, ಪಿಂಗಾಣಿ ಹಿಡಿಕೆಗೆ ಸುತ್ತಿ ಸಿಕ್ಕಿಸಿಬಿಡುತ್ತಾರೆ. ಅದೂ ಸುಟ್ಟುಹೋದರೆ ಮೂರು ಎಳೆ, ನಾಲ್ಕು ಎಳೆ. ಕೊನೆಗೊಂದು ದಿನ ಫ್ಯೂಸ್ ಹೋಗುವುದೇ ನಿಂತುಹೋಗುತ್ತದೆ. ಮನೆಯವರು ಸಮಾಧಾನಪಡುತ್ತಾರೆ. ಆದರೆ ನಿಜವಾಗಿ ಹೆದರಬೇಕಾದದ್ದು ಆವಾಗಲೇ.

ಫ್ಲೆಕ್ಸಿಬಲ್ ವೈರಿನ 0.2 ಮಿಲಿಮೀಟರ್ ದಪ್ಪದ ಒಂದು ಎಳೆ ತಾಮ್ರ ಕರಗಬೇಕಾದರೆ ಅದರಲ್ಲಿ ಸುಮಾರು 7 ಆಂಪಿಯರ್ ವಿದ್ಯುತ್ ಹರಿಯಬೇಕು. ಮೂರು ಎಳೆ ಹೆಣೆದರೆ ಅದು 20 ಆಂಪಿಯರಿನ ಆಸುಪಾಸಿಗೆ ಹೋಗುತ್ತದೆ. ಗೋಡೆಯ ಮೇಲಿರುವ ವೈರು ಅಷ್ಟನ್ನು ತಡೆಯುವಂಥದಲ್ಲ. ಫ್ಯೂಸ್ ಕರಗುವ ಬದಲು ಅಟ್ಟದ ಮೇಲಿನ ವೈರೇ ಕಾಯುತ್ತದೆ.

ಅಂದಿನ ವೈರು, ಇಂದಿನ ಹೊರೆ

ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ವೈರಿಂಗ್ ಆದದ್ದು 1970 ಮತ್ತು 80ರ ದಶಕಗಳಲ್ಲಿ. ಅಂದು ಮನೆಯೆಂದರೆ ನಾಲ್ಕೈದು ದೀಪ, ಒಂದು ರೇಡಿಯೊ, ಅನುಕೂಲವಿದ್ದವರಿಗೆ ಒಂದು ಫ್ಯಾನು. ಬಡವರಿಗಾಗಿ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೆ ಸಿಕ್ಕಿದ್ದು ಒಂದೇ ದೀಪ. 40 ವಾಟಿನ ಐದು ಬಲ್ಬು ಮತ್ತು ಒಂದು ಫ್ಯಾನು ಒಟ್ಟಾಗಿ ಎಳೆಯುತ್ತಿದ್ದುದು ಒಂದೂಕಾಲು ಆಂಪಿಯರಿಗಿಂತ ಹೆಚ್ಚಲ್ಲ. ಅದಕ್ಕೆ ತಕ್ಕಂತೆ ಮರದ ಪಟ್ಟಿಯ ಮೇಲೆ ಸಣ್ಣ ವೈರು ಎಳೆದರು. ತಾಮ್ರ ದುಬಾರಿಯಾಗಿದ್ದ ಆ ವರ್ಷಗಳಲ್ಲಿ ಅಲ್ಯೂಮಿನಿಯಂ ವೈರನ್ನೂ ಧಾರಾಳವಾಗಿ ಬಳಸಿದರು.

ಇಂದು ಅದೇ ವೈರಿಗೆ ಮಿಕ್ಸಿ, ಗ್ರೈಂಡರ್, ಫ್ರಿಜ್, ಟಿ.ವಿ. ಎಲ್ಲವೂ ಬಂದು ಸೇರಿವೆ. 1000 ವಾಟಿನ ಇಸ್ತ್ರಿಪೆಟ್ಟಿಗೆ 4 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಬಕೆಟ್ಟಿಗೆ ಇಳಿಬಿಡುವ 1500 ವಾಟಿನ ಹೀಟರ್ ಕಾಯಿಲ್ ಆರೂವರೆ ಆಂಪಿಯರ್, 2000 ವಾಟಿನ ಗೀಸರ್ ಸುಮಾರು ಎಂಟೂಮುಕ್ಕಾಲು ಆಂಪಿಯರ್ ಎಳೆಯುತ್ತವೆ. ವೈರಿನಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ವರ್ಷಗಟ್ಟಲೆ ಹೀಗೆ ಕಾದ ವೈರಿನ ಮೇಲಿನ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ವೈರಿನ ಜೋಡಣೆಗಳು ಕಾಯುತ್ತ ಆರುತ್ತ ಸಡಿಲವಾಗಿ, ಕಿಡಿ ಹಾರಿಸತೊಡಗುತ್ತವೆ. ಅಟ್ಟದಲ್ಲಿ ಇಲಿ ಕಡಿಯುವುದೂ ಉಂಟು. ಅದೇ ಅಟ್ಟದಲ್ಲಿ ಒಣಹುಲ್ಲು, ಕೊಬ್ಬರಿ, ಅಡಿಕೆ, ಹತ್ತಿ ಇಟ್ಟಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಫ್ಯೂಸ್ ಮನುಷ್ಯನನ್ನು ಏಕೆ ಉಳಿಸಲಾರದು?

ಫ್ಯೂಸ್ ಇದ್ದಮೇಲೆ ಶಾಕ್ ಹೊಡೆದರೂ ಜೀವಕ್ಕೆ ಅಪಾಯವಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು. ಆಂಪಿಯರಿನ ಸಾವಿರದ ಒಂದು ಭಾಗಕ್ಕೆ ಮಿಲಿ ಆಂಪಿಯರ್ ಎಂದು ಹೆಸರು. ಒಂದು ಮಿಲಿ ಆಂಪಿಯರ್ ಮೈಯಲ್ಲಿ ಹರಿದರೆ ಜುಮ್ಮೆನ್ನುತ್ತದೆ. ಹತ್ತು ದಾಟಿದರೆ ಕೈಯ ಸ್ನಾಯುಗಳು ಸೆಟೆದು, ಹಿಡಿದ ವಸ್ತುವನ್ನು ಬಿಡಲಾಗುವುದಿಲ್ಲ. ಮೂವತ್ತು ದಾಟಿದ ಮೇಲೆ ಉಸಿರಾಟಕ್ಕೂ ಹೃದಯಕ್ಕೂ ಗಂಡಾಂತರ. 5 ಆಂಪಿಯರಿನ ಫ್ಯೂಸ್ ಎಂದರೆ 5000 ಮಿಲಿ ಆಂಪಿಯರ್. ಒದ್ದೆ ಕೈಯಲ್ಲಿ ಹೀಟರ್ ಬಕೆಟ್ಟು ಮುಟ್ಟಿದವರ ಮೈಯಲ್ಲಿ ನೂರಿನ್ನೂರು ಮಿಲಿ ಆಂಪಿಯರ್ ಹರಿಯುತ್ತಿದ್ದರೂ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ವೈರು ಸುಡದಂತೆ ನೋಡಿಕೊಳ್ಳುವುದಷ್ಟೇ ಫ್ಯೂಸಿನ ಕೆಲಸ. ಜೀವ ಉಳಿಸುವ ಏರ್ಪಾಟನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

ಮೊದಲು ಅರ್ಥಿಂಗ್

ಆ ಏರ್ಪಾಟಿನಲ್ಲಿ ಮೊದಲನೆಯದು ಭೂಸಂಪರ್ಕ, ಅಂದರೆ ಅರ್ಥಿಂಗ್. ಗೋಡೆಯಿಂದ ಕನಿಷ್ಠ 5 ಅಡಿ ದೂರದಲ್ಲಿ, ಸದಾ ತೇವವಿರುವ ಜಾಗದಲ್ಲಿ ಗುಂಡಿ ತೋಡಿ, ಸುಮಾರು 8 ಅಡಿ ಉದ್ದದ ಜಿ.ಐ. ಪೈಪನ್ನು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಬೇಕು. ಅಲ್ಲಿಂದ ಬರುವ ಅರ್ಥ್ ತಂತಿ ಬೋರ್ಡಿನ ಮೂಲಕ ಮನೆಯ ಪ್ರತಿಯೊಂದು ಮೂರು ಪಿನ್ನಿನ ಸಾಕೆಟ್ಟಿಗೂ ತಲುಪಬೇಕು. ಸಾಕೆಟ್ಟಿಗೆ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದು ತಿಳಿಯಬಾರದು. ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯೇ ಇಲ್ಲದಿರುವುದು ಸಾಮಾನ್ಯ.

ಅರ್ಥಿಂಗ್ ಇದ್ದರೂ ಬೇಸಿಗೆಯಲ್ಲಿ ಎಚ್ಚರ ಬೇಕು. ಬಯಲುಸೀಮೆಯ ಒಣ ನೆಲದಲ್ಲಿ ಗುಂಡಿ ಒಣಗಿ ಅದರ ರೋಧ 50 ಓಮ್‌ಗೆ ಏರಿತೆನ್ನೋಣ. 230 ವೋಲ್ಟಿನಲ್ಲಿ ಅದರ ಮೂಲಕ ನೆಲಕ್ಕೆ ಹರಿಯುವುದು ಐದು ಆಂಪಿಯರಿಗೂ ಕಡಿಮೆ. ಇಷ್ಟಕ್ಕೆ ಫ್ಯೂಸ್ ಹೋಗುವುದಿಲ್ಲ, ಕೆಟ್ಟ ಗ್ರೈಂಡರಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಬಿಂದಿಗೆ ನೀರು ಹೊಯ್ಯುವುದನ್ನು ಮರೆಯಬಾರದು.

ಜೀವರಕ್ಷಕ ಆರ್.ಸಿ.ಸಿ.ಬಿ.

ಎರಡನೆಯದು ಆರ್.ಸಿ.ಸಿ.ಬಿ. ಎಂಬ ಉಪಕರಣ. ಅಂಗಡಿಗಳಲ್ಲಿ ಇದನ್ನು ಇ.ಎಲ್.ಸಿ.ಬಿ. ಎಂದೂ ಕೇಳುತ್ತಾರೆ. ಫೇಸಿನಲ್ಲಿ ಒಳಹೋದ ವಿದ್ಯುತ್ತು ಅಷ್ಟಕ್ಕಷ್ಟೂ ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಇದು ಸದಾ ಹೋಲಿಸಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಎಲ್ಲಿಯಾದರೂ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟನ್ನು ಕಡಿದುಬಿಡುತ್ತದೆ. ಅರ್ಥಿಂಗ್ ಚೆನ್ನಾಗಿದ್ದರೆ ಕೆಟ್ಟ ಉಪಕರಣವನ್ನು ಯಾರೂ ಮುಟ್ಟುವ ಮೊದಲೇ ಟ್ರಿಪ್ ಆಗುತ್ತದೆ. ಮನೆಗೆ ಕೊಳ್ಳುವಾಗ 30 ಮಿಲಿ ಆಂಪಿಯರಿನದನ್ನೇ ಕೇಳಿ ಪಡೆಯಬೇಕು. 100 ಅಥವಾ 300 ಮಿಲಿ ಆಂಪಿಯರಿನದು ಮನುಷ್ಯನ ರಕ್ಷಣೆಗೆ ಸಾಲದು. ಒಂದೆರಡು ಚೀಲ ಡಿ.ಎ.ಪಿ. ಗೊಬ್ಬರದ ಬೆಲೆಯಲ್ಲಿ ಇಡೀ ಮನೆಗೆ ಈ ಕಾವಲು ಸಿಗುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದು ಕಾಪಾಡಲಾರದು. ಹೊರೆ ಹೆಚ್ಚಾದರೆ ತಡೆಯುವುದೂ ಇದರ ಕೆಲಸವಲ್ಲ. ಆದಕಾರಣ ಎಂ.ಸಿ.ಬಿ.ಗಳೂ ಜೊತೆಗಿರಬೇಕು. ತಿಂಗಳಿಗೊಮ್ಮೆ ಅದರ ಮೇಲಿನ 'ಟಿ' ಗುಂಡಿ ಒತ್ತಿ ನೋಡಬೇಕು. ಟ್ರಿಪ್ ಆಗದಿದ್ದರೆ ಉಪಕರಣ ಬದಲಿಸಬೇಕು.

ಹೊಸ ಬೋರ್ಡು ಹೇಗಿರಬೇಕು?

ಹಳೆಯ ಬೋರ್ಡುಗಳಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಫ್ಯೂಸ್ ಇರುತ್ತಿತ್ತು. ನ್ಯೂಟ್ರಲಿನ ಫ್ಯೂಸ್ ಮಾತ್ರ ಹೋದರೆ ದೀಪ ಆರುತ್ತದೆ, ಆದರೆ ಹೋಲ್ಡರಿನವರೆಗೂ ಕರೆಂಟು ಇದ್ದೇ ಇರುತ್ತದೆ. ದೀಪವಿಲ್ಲವೆಂದು ಧೈರ್ಯವಾಗಿ ಕೈಹಾಕಿದವರಿಗೆ ಶಾಕ್ ಹೊಡೆಯುತ್ತದೆ. ನ್ಯೂಟ್ರಲಿಗೆ ಒಂಟಿ ಫ್ಯೂಸ್ ಇರಲೇಬಾರದು. ಸ್ವಿಚ್ಚುಗಳೆಲ್ಲ ಫೇಸಿನಲ್ಲಿಯೇ ಇರಬೇಕು.

ಮೀಟರಿನ ನಂತರ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಮುಖ್ಯ ಎಂ.ಸಿ.ಬಿ., ಅದರ ಮುಂದೆ ಆರ್.ಸಿ.ಸಿ.ಬಿ., ಅಲ್ಲಿಂದ ಒಂದೊಂದು ಸಾಲಿಗೂ ಬೇರೆ ಬೇರೆ ಎಂ.ಸಿ.ಬಿ. ಇರುವುದು ಒಳ್ಳೆಯ ಕ್ರಮ. ಆರ್.ಸಿ.ಸಿ.ಬಿ.ಯ ಆಂಪಿಯರ್ ಮುಖ್ಯ ಎಂ.ಸಿ.ಬಿ.ಗಿಂತ ಕಡಿಮೆಯಾಗಿರಬಾರದು. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರು ಮತ್ತು 6 ಆಂಪಿಯರಿನ ಎಂ.ಸಿ.ಬಿ. ಸಾಕು. ಅಡಿಗೆಮನೆಯ ಪವರ್ ಸಾಕೆಟ್ಟಿಗೆ 2.5 ಚದರ ಮಿಲಿಮೀಟರ್ ವೈರು, 16 ಆಂಪಿಯರ್. ಗೀಸರಿಗೆ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ವೈರು ಎಳೆಯುವುದು ಲೇಸು. ಎಂ.ಸಿ.ಬಿ. ಪದೇ ಪದೇ ಟ್ರಿಪ್ ಆದರೆ ದೊಡ್ಡದನ್ನು ಹಾಕುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಮೂರೆಳೆ ಫ್ಯೂಸಿನ ಕಥೆಯೇ ಮತ್ತೆ ಆಗುತ್ತದೆ. ವೈರು, ಸ್ವಿಚ್ಚು, ಎಂ.ಸಿ.ಬಿ. ಯಾವುದೇ ಆಗಲಿ, ಐ.ಎಸ್.ಐ. ಗುರುತು ನೋಡಿಯೇ ಕೊಳ್ಳಬೇಕು.

ಬಚ್ಚಲು, ಕೊಟ್ಟಿಗೆ, ಅಂಗಳ

ಕೊಟ್ಟಿಗೆಯ ನೆಲ ಸದಾ ಒದ್ದೆ. ಮನುಷ್ಯನಿಗೆ ಜುಮ್ಮೆನ್ನುವಷ್ಟು ಸೋರಿಕೆಯೂ ದನಕ್ಕೆ ಪ್ರಾಣಾಂತಿಕವಾಗಬಹುದು. ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಹೆಚ್ಚಿದ್ದು, ಕರೆಂಟು ಹೃದಯದ ಭಾಗದಲ್ಲಿಯೇ ಹಾದುಹೋಗುವುದು ಇದಕ್ಕೆ ಕಾರಣ. ಕೊಟ್ಟಿಗೆಯ ದೀಪಕ್ಕೂ ಹಾಲು ಕರೆಯುವ ಯಂತ್ರಕ್ಕೂ ಆರ್.ಸಿ.ಸಿ.ಬಿ.ಯ ರಕ್ಷಣೆ ಇರಲೇಬೇಕು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಸರ್ವಿಸ್ ವೈರಿನ ಪೈಪಿಗೆ ಕಟ್ಟಬಾರದು, ಅದರ ಬದಲು ನೈಲಾನ್ ಹಗ್ಗ ಬಳಸಬೇಕು. ಕಂಬದ ಸ್ಟೇ ತಂತಿಗೆ ದನ ಕಟ್ಟಬಾರದು. ನ್ಯೂಟ್ರಲ್ ಇಲ್ಲದಾಗ ಅರ್ಥಿಗೆ ಸಿಕ್ಕಿಸಿ ದೀಪ ಹಚ್ಚುವ ಚಾಳಿ ಕೆಲವೆಡೆ ಇದೆ. ಇದರಿಂದ ಮನೆಯ ಎಲ್ಲ ಉಪಕರಣಗಳ ಮೈಗೂ, ಗುಂಡಿಯ ಸುತ್ತಲಿನ ನೆಲಕ್ಕೂ ಕರೆಂಟು ಬರಬಹುದು.

ಯಾರಿಂದ ಮಾಡಿಸಬೇಕು?

ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂದು ನಿಯಮವಿದೆ. ಅವರು 500 ವೋಲ್ಟಿನ ಮೆಗ್ಗರಿನಿಂದ ಹಳೆಯ ವೈರನ್ನು ಪರೀಕ್ಷಿಸಿ ಹೇಳಬಲ್ಲರು. ರೋಧ ಒಂದು ಮೆಗಾ ಓಮ್‌ಗಿಂತ ಕೆಳಗಿದ್ದರೆ ಆ ವೈರನ್ನು ತೆಗೆಸುವುದೇ ಸರಿ. ಮೀಟರಿನ ಸೀಲನ್ನು ಮನೆಯವರು ಮುಟ್ಟಬಾರದು. ಹೊರೆ ಹೆಚ್ಚಿದ್ದರೆ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಕೊಟ್ಟು ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕು. ಕಂಬದ ಕಡೆ ತೊಂದರೆಯಿದ್ದರೆ 1912ಕ್ಕೆ ಫೋನು ಮಾಡಬಹುದು.

ಇಡೀ ಮನೆಯ ವೈರು ಒಮ್ಮೆಲೇ ಬದಲಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಹಾಗಿದ್ದಲ್ಲಿ ಈ ವರ್ಷ ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ., ಮುಂದಿನ ಸುಗ್ಗಿಗೆ ಎಂ.ಸಿ.ಬಿ. ಬೋರ್ಡು, ಬಚ್ಚಲು ಹಾಗೂ ಅಡಿಗೆಮನೆಯ ಸಾಲು, ಆಮೇಲೆ ಉಳಿದ ಕೋಣೆಗಳು ಎಂದು ಹಂತಹಂತವಾಗಿ ಮಾಡಿಸಿಕೊಳ್ಳಬಹುದು. ಮಳೆಗಾಲ ಹಿಡಿದು ಗೋಡೆ ತೇವವಾಗುವ ಮುನ್ನ ಮೊದಲ ಹಂತವನ್ನಾದರೂ ಮುಗಿಸಿಕೊಳ್ಳುವುದು ಕ್ಷೇಮ.